ತೋಳದ ರೂಪ ತಾಳಿದ ಬಾಲಿಕೆ

ಈ ಸ್ಮರಣ ಸಂಚಿಕೆಗಾಗಿ ಏನಾದರೂ ಬರೆದುಕೊಡಬೇಕೆಂದು ನಮ್ಮ ಶಾಲೆಯ ಪೂರ್ವವಿದ್ಯಾರ್ಥಿನಿಯರ ಸಂಘದವರು ನಮಗೆ ಅಪ್ಪಣೆಮಾಡಿ ಈಗ್ಗೆ ಎರಡು ತಿಂಗಳಾಯಿತು. ಗಂಟೆಯ ಕಂಬವನ್ನು ಕುರಿತೂ, ಅಂಗಳದ ಹುಣಿಸೆಮರವನ್ನು ಕುರಿತೂ, ನಮ್ಮನ್ನು ತಿದ್ದಿ ಬೆಳೆಯಿಸಿದ ಗುರುಮಾತೆಯರನ್ನು ಕುರಿತೂ ನಮಗಿಂತ ಚೆನ್ನಾಗಿ ಬರೆಯಬಲ್ಲವರು ಅನೇಕರಿರುವುದರಿಂದ, ಆ ಕೆಲಸವನ್ನು ಅವರಿಗೇ ಬಿಟ್ಟು, ನಾವು ಒಬ್ಬ ಬಾಲಿಕೆಯ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯಲು ಮನಸ್ಸುಮಾಡಿದ್ದೇವೆ. ಆ ಬಾಲಿಕೆಯು ನಮ್ಮ ಶಾಲೆಯಲ್ಲಿ ಓದಿದವಳಲ್ಲ. ಭೂಮಿಯ ಮೇಲಿನ ಯಾವ ಶಾಲೆಯ ಹಾಜರಿಪಟ್ಟಿಯಲ್ಲಿಯೂ ಅವಳ ಹೆಸರು ಇರಲಾರದು. ಯಾಕೆಂದರೆ ಅವಳು ಅಮೇರಿಕಾ ದೇಶದ ಒಂದು ಚಿತ್ರಕಥೆಯ ಪುಸ್ತಕದಲ್ಲಿ ಹುಟ್ಟಿದವಳು. ಅವಳ ಹೆಸರು ರೇನ್ ಸಿಂಕ್ಲೇರ್.

ಇಂಥಾ ಪುಸ್ತಕಗಳ ವಿಷಯದಲ್ಲಿ ನಮಗಿದ್ದ ಅಭಿಪ್ರಾಯವನ್ನು ಮೊದಲೇ ಒಪ್ಪಿಕೊಂಡುಬಿಡುವುದು ಲೇಸು. ನಾವು ಬೇರೊಂದು ಊರಿನಲ್ಲಿ ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಉಪಾಧ್ಯಾಯಿನಿಯಾಗಿದ್ದು ನಿವೃತ್ತಿಹೊಂದಿದವರು. ಆ ಕಾಲದಲ್ಲಿ ಭೂಗೋಳಪುಸ್ತಕದ ಮಡಿಲಲ್ಲಿ ಅಡಗಿಸಿಟ್ಟ ಚಿತ್ರಕಥೆಗಳನ್ನು ಎಷ್ಟು ಮಂದಿ ಹುಡುಗಿಯರ ಕೈಯಿಂದ ಕಸಿದುಕೊಂಡೆವೋ ಲೆಕ್ಕವಿಲ್ಲ. ಕಸಿದುಕೊಂಡದ್ದನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವುದು, ವರ್ಷದ ಕೊನೆಗೆ ರದ್ದಿಯವನಿಗೆ ಕೊಡುವುದು, ಇದೇ ನಮ್ಮ ಪದ್ಧತಿಯಾಗಿತ್ತು. ಒಂದನ್ನಾದರೂ ತೆರೆದು ಓದಿದವರಲ್ಲ. ಹೀಗಿರಲಾಗಿ, ಒಂದು ಬೇಸಗೆಯ ರಜೆಯಲ್ಲಿ ನಮ್ಮ ಮೊಮ್ಮಗಳು ನಮ್ಮಲ್ಲಿಗೆ ಬಂದಿದ್ದು, ಹಿಂದಿರುಗುವಾಗ ಒಂದು ಪುಸ್ತಕವನ್ನು ಮಂಚದ ಮೇಲೆ ಮರೆತುಹೋದಳು. ಅಂದು ರಾತ್ರಿ ನಿದ್ರೆ ಬಾರದ್ದರಿಂದ, ಕಪಾಟಿಗೆ ಹಾಕುವ ಹಳೆಯ ಅಭ್ಯಾಸವನ್ನು ಬದಿಗಿಟ್ಟು, ಕನ್ನಡಕವನ್ನು ಹುಡುಕಿ ಅದನ್ನು ಬಿಡಿಸಿ ನೋಡಿದೆವು. ಬೆಳಗಾಗುವ ವೇಳೆಗೆ ಪುಸ್ತಕವು ಮುಗಿದಿದ್ದಿತು; ನಮ್ಮ ಮನಸ್ಸಿನ ಸಮಾಧಾನವೂ ಮುಗಿದಿದ್ದಿತು.

ಆ ಕಥೆಯನ್ನು ರಚಿಸಿದವರು ಕ್ರಿಸ್ ಕ್ಲೇರ್ಮಾಂಟ್ ಎಂಬ ಲೇಖಕರು. ಚಿತ್ರಗಳನ್ನು ಬರೆದವರು ಬಾಬ್ ಮೆಕ್ಲೌಡ್ ಎಂಬವರು. ಮಾರ್ವೆಲ್ ಎಂಬ ಪ್ರಕಾಶನ ಸಂಸ್ಥೆಯವರು 1982ನೆಯ ಇಸವಿಯಲ್ಲಿ 'ದಿ ನ್ಯೂ ಮ್ಯೂಟೆಂಟ್ಸ್' ಎಂಬ ಹೆಸರಿನಿಂದ ಅದನ್ನು ಹೊರತಂದರು. ಮ್ಯೂಟೆಂಟರೆಂದರೆ ಹುಟ್ಟಿನಿಂದಲೇ ಯಾವುದಾದರೊಂದು ಅಸಾಧಾರಣ ಶಕ್ತಿಯ ಬೀಜವನ್ನು ದೇಹದಲ್ಲಿ ಹೊತ್ತವರು. ಆ ಬೀಜವು ಬಾಲ್ಯದಲ್ಲಿ ಮಲಗಿದ್ದು, ಮಗುವು ಹದಿಹರೆಯಕ್ಕೆ ಕಾಲಿಡುವ ಹೊತ್ತಿಗೆ, ಕೇಳದೆ ಹೇಳದೆ ಮೊಳೆಯುತ್ತದೆ. ಬಯಸಿ ಪಡೆದದ್ದಲ್ಲ, ತಪಸ್ಸುಮಾಡಿ ಗಳಿಸಿದ್ದೂ ಅಲ್ಲ. ಒಂದು ದಿನ ಬೆಳಗಾಗುವಾಗ ತನ್ನ ದೇಹವೇ ತನಗೆ ಅಪರಿಚಿತವಾಗಿರುತ್ತದೆ. ಹೆಣ್ಣುಮಕ್ಕಳನ್ನು ಸಾಕಿದ ತಾಯಂದಿರಿಗೆ ಈ ಮಾತಿನ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ರೇನಳು ಸ್ಕಾಟ್ಲೆಂಡು ದೇಶದವಳು. ಕೆಂಪು ಕೂದಲನ್ನು ಗಂಡುಹುಡುಗನಂತೆ ಮೋಟಾಗಿ ಕತ್ತರಿಸಿಕೊಂಡ, ಮಾತಾಡಲು ಅಂಜುವ ಸಣ್ಣ ಹುಡುಗಿ. ತಾಯಿತಂದೆಗಳಿಲ್ಲದ ಅನಾಥೆಯೆಂದು ಅವಳಿಗೆ ತಿಳಿಸಲಾಗಿತ್ತು. ಅವಳನ್ನು ಸಾಕಿದವನು ಕ್ರೇಗ್ ಎಂಬ ಸಭಾಪಾಲಕನು. ಅವನು ಅವಳಿಗೆ ಅನ್ನ ಬಟ್ಟೆಗಳನ್ನು ಕೊಟ್ಟನು, ವೇದಪಾಠವನ್ನು ಕಲಿಸಿದನು, ಪಾಪದ ಭಯವನ್ನು ಕಲಿಸಿದನು. ಪ್ರೀತಿಯೊಂದನ್ನು ಮಾತ್ರ ಕೊಡಲಿಲ್ಲ. ಹೀಗೆ ಬೆಳೆದ ಹುಡುಗಿಯ ಮೈಯಲ್ಲಿ ಆ ಶಕ್ತಿಯು ಎಚ್ಚತ್ತು, ಅವಳು ತೋಳವಾಗುವಂತಾಯಿತು. ಕೈಗಳು ಮುಂಗಾಲುಗಳಾದವು, ಮೈಮೇಲೆ ಕೆಂಗೂದಲು ಮೂಡಿತು, ಮನುಷ್ಯರ ಮೂಗಿಗೆ ನಿಲುಕದ ವಾಸನೆಗಳೂ ಕಿವಿಗೆ ಕೇಳಿಸದ ಸದ್ದುಗಳೂ ಅವಳನ್ನು ಮುತ್ತಿದವು.

ಆಗ ಕ್ರೇಗನು ಮಾಡಿದ್ದೇನು? ಹುಡುಗಿಗೆ ದೆವ್ವ ಹಿಡಿದಿದೆಯೆಂದು ತೀರ್ಮಾನಿಸಿದನು. ಊರವರು ಬೇಟೆಗೆ ಹೊರಟವರಂತೆ ಗುಂಪುಕೂಡಿ ಅವಳನ್ನು ಬೆನ್ನಟ್ಟಿದರು. ಆ ಗುಂಪಿನ ಮುಂದಾಳು ಅವಳನ್ನು ಸಾಕಿದವನೇ ಆಗಿದ್ದನು. ಓಡಿ ಓಡಿ ಸೋತ ಆ ಪ್ರಾಣಿಯು ಮಾಯ್ರಾ ಮ್ಯಾಕ್‌ಟ್ಯಾಗರ್ಟ್ ಎಂಬ ವಿಜ್ಞಾನವಿದುಷಿಯ ಆಶ್ರಯಕ್ಕೆ ಬಂದು ಬಿದ್ದಿತು. ಆಕೆಯು ಗುಂಪಿಗೆ ಅಡ್ಡವಾಗಿ ನಿಂತು ಅವಳನ್ನು ಬಿಟ್ಟುಕೊಡಲಿಲ್ಲ. ಅವಳ ಪಾಲನೆಯ ಭಾರವನ್ನು ತಾನೇ ವಹಿಸಿಕೊಂಡು, ನ್ಯೂಯಾರ್ಕು ಸಂಸ್ಥಾನದ ವೆಸ್ಟ್‌ಚೆಸ್ಟರಿನಲ್ಲಿ ಪ್ರೊಫೆಸರ್ ಜೇವಿಯರ್ ಎಂಬವರು ಇಂಥಾ ಮಕ್ಕಳಿಗಾಗಿಯೇ ನಡೆಯಿಸುತ್ತಿದ್ದ ಶಾಲೆಗೆ ತಂದು ಸೇರಿಸಿದಳು.

ಇಲ್ಲಿ ಕಥೆಯ ಒಂದು ಗುಟ್ಟನ್ನು ಹೇಳಬೇಕು. ಮುಂದಣ ಸಂಚಿಕೆಗಳಲ್ಲಿ ಹೊರಬೀಳುವಂತೆ, ಆ ಕ್ರೇಗನು ರೇನಳ ಸಾಕುತಂದೆಯಲ್ಲ, ಹೆತ್ತ ತಂದೆಯೇ. ಲೋಕಾಪವಾದಕ್ಕೆ ಹೆದರಿ ತನ್ನ ಮಗಳನ್ನು ಮಗಳೆಂದು ಹೇಳಿಕೊಳ್ಳದೆ, ಅನಾಥೆಯೆಂದು ಹೆಸರಿಟ್ಟು ಸಾಕಿದನು. ತಾನು ಬಚ್ಚಿಟ್ಟ ಪಾಪವು ಕಣ್ಣೆದುರಿಗೆ ನಡೆದಾಡುತ್ತಿರುವುದನ್ನು ನೋಡಿ ಸಹಿಸಲಾರದೆ, ಆ ಪಾಪವನ್ನೆಲ್ಲಾ ಮಗುವಿನ ತಲೆಗೆ ಕಟ್ಟಿದನು. ಬೈಗಳಿಗೆ ಗುರಿಯಾದವರು ಒಬ್ಬರು, ಬೈಗಳಿಗೆ ಕಾರಣರಾದವರು ಇನ್ನೊಬ್ಬರು, ಇದು ಚಿತ್ರಕಥೆಗಳಲ್ಲಿ ಮಾತ್ರ ನಡೆಯುವ ಸಂಗತಿಯಲ್ಲವೆಂಬುದನ್ನು ವಾಚಕರು ಬಲ್ಲರು.

ಜೇವಿಯರರ ಶಾಲೆಯಲ್ಲಿ ಆಗ ಸೇರಿದ ಮಕ್ಕಳು ಐವರು. ಕೆಂಟಕಿಯ ಕಲ್ಲಿದ್ದಲ ಗಣಿಯಲ್ಲಿ ದುಡಿದು ಬಂದ ಸ್ಯಾಮ್ ಗಥ್ರಿ, ಬ್ರಜಿಲ್ ದೇಶದ ಸಿರಿವಂತರ ಮಗನಾದ ರೊಬರ್ಟೊ, ವಿಯೆಟ್ನಾಮಿನಿಂದ ಬಂದ ಷಾನ್, ಶಯೆನ್ ಎಂಬ ಅಮೇರಿಕಾದ ಮೂಲನಿವಾಸಿಗಳ ಕುಲದ ಡ್ಯಾನಿ ಮೂನ್‌ಸ್ಟಾರ್, ಇವರೊಂದಿಗೆ ನಮ್ಮ ರೇನಳು. ಎಲ್ಲರಿಗೂ ಕಪ್ಪು ಹಳದಿ ಬಣ್ಣಗಳ ಒಂದೇ ಸಮವಸ್ತ್ರ. ಸ್ಯಾಮನು ಸಿಡಿಮದ್ದಿನಂತೆ ಆಕಾಶಕ್ಕೆ ಹಾರಬಲ್ಲನು, ಆದರೆ ತಿರುಗುವುದನ್ನು ಕಲಿಯದೆ ಗೋಡೆಗೆ ಬಡಿಯುವನು. ರೊಬರ್ಟೊ ಬಿಸಿಲಿನಿಂದ ಬಲವನ್ನು ಹೀರಿಕೊಂಡು ಹೆಮ್ಮೆಯಿಂದ ಬೀಗುವನು. ರೇನಳಾದರೋ ತನಗೆ ಬಂದದ್ದನ್ನು ಶಕ್ತಿಯೆಂದು ಎಣಿಸಲೇ ಇಲ್ಲ. ಅದನ್ನು ಕಳಂಕವೆಂದು ತಿಳಿದು, ರಾತ್ರಿಯ ಪ್ರಾರ್ಥನೆಯಲ್ಲಿ ಕ್ಷಮೆಯನ್ನು ಬೇಡುತ್ತಿದ್ದಳು. ಕ್ರೇಗನು ಸಮುದ್ರದ ಆಚೆಯಲ್ಲಿದ್ದರೂ ಅವನ ಸ್ವರವು ಅವಳ ಕಿವಿಯಲ್ಲಿಯೇ ಉಳಿದಿದ್ದಿತು.

ನಮ್ಮನ್ನು ಬಹಳವಾಗಿ ತಟ್ಟಿದ ಸಂಗತಿ ಇನ್ನೊಂದುಂಟು. ತೋಳವಾಗಿರುವಾಗ ರೇನಳಿಗೆ ಸಂತೋಷವಾಗುತ್ತದೆ. ಹುಡುಗಿಯಾಗಿರುವಾಗ ತಲೆತಗ್ಗಿಸಿ ನಡೆಯುವವಳು, ತೋಳವಾದೊಡನೆ ಕಾಡಿನಲ್ಲಿ ಗಾಳಿಯಂತೆ ಓಡುತ್ತಾಳೆ. ಅಂಜಿಕೆಯು ಮೈಬಿಟ್ಟು ಹೋಗುತ್ತದೆ. ಮನುಷ್ಯರೂಪಕ್ಕೆ ಮರಳಿದ ಮೇಲೆ ಆ ಸಂತೋಷವನ್ನು ನೆನೆದು ನಾಚಿಕೆಯಿಂದ ಕುಗ್ಗುತ್ತಾಳೆ. ನಮ್ಮ ಅಜ್ಜಿಯರು ಹೇಳುತ್ತಿದ್ದ ಕಥೆಗಳಲ್ಲಿ ಶಾಪದಿಂದ ಹಾವಾದ ರಾಜಕುಮಾರನ ಪೊರೆಯನ್ನು ಒಲೆಗೆ ಹಾಕಿ ಸುಟ್ಟರೆ ಶಾಪವು ನೀಗಿ ಅವನು ಎಂದೆಂದಿಗೂ ಮನುಷ್ಯನಾಗುತ್ತಿದ್ದನು. ರೇನಳಿಗೆ ಸುಡಲು ಪೊರೆಯಿಲ್ಲ. ತೋಳವೂ ಅವಳೇ, ಹುಡುಗಿಯೂ ಅವಳೇ. ಒಂದನ್ನು ಕೊಂದರೆ ಇನ್ನೊಂದು ಉಳಿಯದು. ಕಥೆಗಾರರು ಅವಳಿಗೆ ಶಾಪವಿಮೋಚನೆಯನ್ನು ಕೊಡದೆ, ಅದರ ಬದಲಿಗೆ ಒಬ್ಬ ಗೆಳತಿಯನ್ನು ಕೊಟ್ಟರು.

ಆ ಗೆಳತಿ ಡ್ಯಾನಿ ಮೂನ್‌ಸ್ಟಾರ್. ಅವಳಿಗಿದ್ದ ಶಕ್ತಿಯೂ ಅವಳು ಬೇಡಿದ್ದಲ್ಲ. ಎದುರಿಗಿದ್ದವರ ಮನಸ್ಸಿನ ಭಯವನ್ನು ಕಣ್ಣಿಗೆ ಕಾಣುವ ಬಿಂಬವಾಗಿ ಅವಳು ಹೊರಗೆಳೆದುಬಿಡುತ್ತಿದ್ದಳು. ಇದರಿಂದ ಎಷ್ಟೋ ಮಂದಿಯ ಸ್ನೇಹವನ್ನು ಕಳೆದುಕೊಂಡವಳು. ಅವಳಿಗೆ ಪ್ರಾಣಿಗಳ ಮನಸ್ಸನ್ನು ಅರಿಯುವ ಇನ್ನೊಂದು ಗುಣವೂ ಇದ್ದಿತು. ಆದುದರಿಂದ ರೇನಳು ತೋಳವಾಗಿ ಮಾತು ನಿಂತುಹೋದ ಹೊತ್ತಿನಲ್ಲಿ, ಅವಳ ಮನಸ್ಸಿನ ಮಾತು ಡ್ಯಾನಿಗೆ ಕೇಳಿಸುತ್ತಿದ್ದಿತು. ಲೋಕವೆಲ್ಲಾ ಯಾವ ರೂಪವನ್ನು ಕಂಡು ಓಡಿತೋ, ಆ ರೂಪದಲ್ಲಿಯೇ ಅವಳನ್ನು ಅತ್ಯಂತ ಹತ್ತಿರದಿಂದ ಅರಿತವಳು ಒಬ್ಬಳು ದೊರೆತಳು.

ನಾವು ಪುಸ್ತಕವನ್ನು ಮಡಿಸಿಟ್ಟದ್ದು ಈ ಸ್ಥಳದಲ್ಲಿ. ಏಕೆಂದರೆ 1961ನೆಯ ಇಸವಿಯ ಒಂದು ಸಾಯಂಕಾಲವು ಹಟಾತ್ತಾಗಿ ನಮ್ಮ ಕಣ್ಣೆದುರಿಗೆ ಬಂದು ನಿಂತಿತು.

ಆಗ ನಾವು ಬೋರ್ಡಿಂಗಿನಲ್ಲಿ ಇದ್ದು ಓದುತ್ತಿದ್ದೆವು. ನಮ್ಮ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಹೆಸರನ್ನು ಇಲ್ಲಿ ಬರೆಯೆವು. ಊಟದ ಪಂಕ್ತಿಯಲ್ಲಿ ನಮ್ಮ ಎಡಕ್ಕೆ ಅವಳ ತಟ್ಟೆ, ಮಲಗುವ ಕೋಣೆಯಲ್ಲಿ ನಮ್ಮ ಚಾಪೆಗೆ ತಗಲಿ ಅವಳ ಚಾಪೆ. ಲೆಕ್ಕದಲ್ಲಿ ನಾವು ಸೋತಾಗಲೆಲ್ಲಾ ಅವಳ ಸ್ಲೇಟು ನಮ್ಮ ಕಡೆಗೆ ಸರಿಯುತ್ತಿತ್ತು. ಒಂದು ಸಾಯಂಕಾಲ ಪ್ರಾರ್ಥನೆಯ ಹೊತ್ತಿನಲ್ಲಿ ಅವಳು ವಿಚಿತ್ರವಾಗಿ ಕೂಗಿ ನೆಲಕ್ಕೆ ಬಿದ್ದಳು. ಕೈಕಾಲುಗಳು ಸೆಟೆದು ಅದುರತೊಡಗಿದವು, ಬಾಯಲ್ಲಿ ನೊರೆ ಬಂದಿತು. ಆ ಕೂಗು ಪ್ರಾಣಿಯ ಕೂಗಿನಂತೆ ಇದ್ದಿತೆಂದು ಯಾರೋ ಅಂದರು. ಯಾರೋ ಬೀಗದ ಕೈಗೊಂಚಲನ್ನು ತಂದು ಅವಳ ಅಂಗೈಯಲ್ಲಿ ಒತ್ತಿದರು. ಮರುವಾರ ಪುನಃ ಹಾಗಾಯಿತು. ಆಗ ಬೋರ್ಡಿಂಗಿಗೆ ಬಂದಿದ್ದ ಹಿರಿಯರೊಬ್ಬರು ಅವಳನ್ನು ಎದುರಿಗೆ ನಿಲ್ಲಿಸಿ, ಯಾವ ಪಾಪವನ್ನು ಬಚ್ಚಿಟ್ಟಿದ್ದೀಯೋ ಹೇಳಿಬಿಡು ಎಂದು ಕೇಳಿದರು. ಅವಳು ಏನು ಹೇಳಿಯಾಳು? ಬಹಳ ಹೊತ್ತು ಯೋಚಿಸಿ, ಅಡಿಗೆಮನೆಯಿಂದ ಒಂದು ಬೆಲ್ಲದ ಉಂಡೆಯನ್ನು ತೆಗೆದುಕೊಂಡು ತಿಂದೆನೆಂದು ಅತ್ತಳು.

ಆ ರಾತ್ರಿ ನಾವು ನಮ್ಮ ಚಾಪೆಯನ್ನು ಸರಿಸಿದೆವು. ಯಾರೂ ನಮಗೆ ಹಾಗೆ ಮಾಡಲು ಹೇಳಲಿಲ್ಲ. ಕೋಣೆಯ ಮತ್ತೊಂದು ಗೋಡೆಯ ತನಕ ಎಳೆದುಕೊಂಡು ಹೋಗಿ ಹಾಸಿದೆವು. ನಮ್ಮನ್ನು ನೋಡಿ ಮಿಕ್ಕವರೂ ಸರಿಸಿದರು. ನಡುಕೋಣೆಯಲ್ಲಿ ಅವಳ ಚಾಪೆಯೊಂದೇ ಉಳಿಯಿತು. ತಿಂಗಳೊಳಗಾಗಿ ಅವಳ ತಂದೆಯು ಬಂದು ಅವಳನ್ನು ಊರಿಗೆ ಕರೆದುಕೊಂಡು ಹೋದನು. ಮುಂದೆ ಅವಳಿಂದ ನಮಗೆ ಒಂದು ಕಾರ್ಡು ಬಂದಿತು. ಅದಕ್ಕೆ ನಾವು ಉತ್ತರವನ್ನು ಬರೆಯಲಿಲ್ಲ.

ಇಷ್ಟು ದಿನ ನಾವು ಆ ಸಂಗತಿಯನ್ನು ನೆನೆದಾಗಲೆಲ್ಲಾ ಆ ಹಿರಿಯರನ್ನೇ ತಪ್ಪಿತಸ್ಥರೆಂದು ತಿಳಿದು, ನಾವು ಆಗ ಚಿಕ್ಕವರೆಂದು ಸಮಾಧಾನಹೊಂದುತ್ತಿದ್ದೆವು. ರೇನಳ ಕಥೆಯು ಆ ಸಮಾಧಾನವನ್ನು ಕಸಿದುಕೊಂಡಿತು. ಕ್ರೇಗನೊಬ್ಬನೇ ಬೆನ್ನಟ್ಟಿದ್ದರೆ ಹುಡುಗಿಯು ಹೇಗಾದರೂ ತಪ್ಪಿಸಿಕೊಂಡಾಳು. ಅವನ ಹಿಂದೆ ಒಂದು ಗುಂಪು ಇದ್ದಿತು. ಆ ಗುಂಪಿನ ಮುಖಗಳನ್ನು ಚಿತ್ರಗಾರನು ವಿವರವಾಗಿ ತೋರಿಸಬೇಕಾದ ಅಗತ್ಯವಿರಲಿಲ್ಲ. ಅವುಗಳಲ್ಲಿ ಒಂದು ಮುಖವು ಯಾರದೆಂದು ನಮಗೆ ಗೊತ್ತಿದ್ದಿತು.

ಸಂಘದ ಕಾರ್ಯದರ್ಶಿಗಳು ಹಳೆಯ ವಿದ್ಯಾರ್ಥಿನಿಯರ ವಿಳಾಸಗಳನ್ನು ಬಹಳ ಶ್ರಮಪಟ್ಟು ಕೂಡಿಸಿದ್ದಾರೆ. ಅವರ ಸಹಾಯದಿಂದ ಆ ಗೆಳತಿಯ ಊರನ್ನು ತಿಳಿದು, ಮೊಮ್ಮಗಳ ಪುಸ್ತಕವನ್ನು ಚೀಲದಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆವು. ಅವಳು ತಂಗಿಯ ಮಗನ ಮನೆಯಲ್ಲಿ ಇದ್ದಾಳೆ. ಜಗುಲಿಯಲ್ಲಿ ಎರಡು ಹೊಲಿಗೆಯ ಯಂತ್ರಗಳು. ಊರಿನ ಅನೇಕ ಹುಡುಗಿಯರಿಗೆ ಅವಳೇ ಹೊಲಿಗೆ ಕಲಿಸಿದವಳೆಂದು ಆಮೇಲೆ ತಿಳಿಯಿತು. ನಮ್ಮನ್ನು ನೋಡಿದೊಡನೆ ಗುರುತುಹಿಡಿದು, "ಏನೇ, ಲೆಕ್ಕ ಈಗಲಾದರೂ ಬರುತ್ತದೆಯೋ?" ಎಂದು ಕೇಳಿದಳು.

ಅವಳಿಗಿದ್ದದ್ದು ಮೂರ್ಛೆರೋಗ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಯಾರೋ ಪುಣ್ಯಾತ್ಮರು ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದರಂತೆ. ವೈದ್ಯರು ಗುಳಿಗೆಗಳನ್ನು ಕೊಟ್ಟು, ಒಂದು ದಿನವೂ ತಪ್ಪಿಸಬಾರದೆಂದು ಹೇಳಿದರಂತೆ. ತಪ್ಪಿಸಲಿಲ್ಲ. ಬರುತ್ತಾ ಬರುತ್ತಾ ಮೂರ್ಛೆಯು ನಿಂತಿತು. "ಹತ್ತು ವರ್ಷ ಎಲ್ಲರೂ ನನ್ನ ಪಾಪ ಹುಡುಕಿದರು, ಗುಳಿಗೆ ಹುಡುಕಿದವರು ಒಬ್ಬರೇ" ಎಂದು ನಕ್ಕಳು.

ನಾವು ಚಾಪೆಯ ಮಾತನ್ನು ಎತ್ತಿದೆವು. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹಿರಿಯರು ಅಂದದ್ದು ಮರೆತುಹೋಗಿದೆ. ಬಿದ್ದದ್ದಂತೂ ನನಗೆ ತಿಳಿಯುತ್ತಲೇ ಇರಲಿಲ್ಲ. ಚಾಪೆ ಎಳೆದ ಸದ್ದು ಮಾತ್ರ ನೆನಪಿದೆ" ಎಂದಳು. ನಾವು ಕ್ಷಮೆಯನ್ನು ಕೇಳಿದೆವು. ಅವಳು ಆಗಲಿ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಒಳಗೆ ಹೋಗಿ ಕಾಫಿ ತಂದಳು.

ಅನಂತರ ಪುಸ್ತಕವನ್ನು ತೆಗೆದು ತೋರಿಸಿ, ರೇನಳ ಕಥೆಯನ್ನು ಕನ್ನಡದಲ್ಲಿ ಹೇಳಿದೆವು. ಅವಳು ಒಂದೊಂದು ಚಿತ್ರವನ್ನೂ ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಡ್ಯಾನಿಯ ವಿಷಯವನ್ನು ಹೇಳಿ ಮುಗಿಸಿದಾಗ, "ಇವಳಿಗೆ ಒಬ್ಬಳಾದರೂ ಸಿಕ್ಕಿದಳಲ್ಲ" ಎಂದು ಹೇಳಿ ಪುಸ್ತಕವನ್ನು ಮಡಿಸಿ ನಮ್ಮ ಕೈಗೆ ಕೊಟ್ಟಳು.

ಕಥೆಯ ಮುಂದಣ ಭಾಗವನ್ನೂ ಮೊಮ್ಮಗಳಿಂದ ತರಿಸಿ ಓದಿದ್ದೇವೆ. 1983ರಲ್ಲಿ ಮಾಸಪತ್ರಿಕೆಯಾಗಿ ಆರಂಭವಾದ ಆ ಮಾಲೆಯು 100 ಸಂಚಿಕೆಗಳಾಗಿ 1991ರಲ್ಲಿ ಮುಗಿಯಿತು. ರೇನಳ ಬದುಕು ಸುಖಮಯವಾಗಲಿಲ್ಲ. ಲೋಕದ ಎಲ್ಲಾ ಭಾಷೆಗಳನ್ನೂ ಅರಿಯಬಲ್ಲ ಡಗ್ ಎಂಬ ಸೌಮ್ಯ ಹುಡುಗನನ್ನು ಅವಳು ಮೆಚ್ಚಿದ್ದಳು. 1988ರ ಒಂದು ಸಂಚಿಕೆಯಲ್ಲಿ, ಅವಳಿಗೆ ತಗಲಬೇಕಾಗಿದ್ದ ಗುಂಡಿಗೆ ಅಡ್ಡಬಂದು ಅವನು ಪ್ರಾಣಬಿಟ್ಟನು. ಆದರೂ ಕಥೆಗಾರರು ಎರಡು ವಿಷಯಗಳಲ್ಲಿ ಔಚಿತ್ಯವನ್ನು ತೋರಿಸಿದ್ದಾರೆ. ಕ್ರೇಗನು ಕ್ರೂರನಾದನೆಂದು ಅವರು ರೇನಳ ಪ್ರಾರ್ಥನೆಯನ್ನು ನಿಲ್ಲಿಸಿಬಿಡಲಿಲ್ಲ. ಅವನು ತಿರುಚಿದ್ದನ್ನು ಅವಳು ತನ್ನ ಮಟ್ಟಿಗೆ ನೆಟ್ಟಗೆ ಮಾಡಿಕೊಳ್ಳಲು ಹೆಣಗುತ್ತಾಳೆ. ತೋಳವು ಅವಳಿಂದ ಬಿಟ್ಟುಹೋಗಲಿಲ್ಲವೆಂಬುದು ಎರಡನೆಯದು. 2020ರಲ್ಲಿ ಈ ಕಥೆಯು ಚಲನಚಿತ್ರವಾಗಿಯೂ ಬಂದಿತು. ಅದರಲ್ಲಿ ಮೇಸಿ ವಿಲಿಯಮ್ಸ್ ಎಂಬ ನಟಿಯು ರೇನಳ ಪಾತ್ರವನ್ನು ಧರಿಸಿದ್ದಾಳೆ.

ಈ ಸಂಚಿಕೆಯನ್ನು ಓದುವ ತಾಯಿತಂದೆಗಳಿಗೂ, ಬೋರ್ಡಿಂಗಿನ ಮೇಲ್ವಿಚಾರಕಿಯರಿಗೂ ಒಂದು ಉಪಯುಕ್ತವಾದ ಮಾತನ್ನು ಹೇಳದೆ ಮುಗಿಸಲಾರೆವು. ಲೋಕದಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆರೋಗವುಂಟು. ತಕ್ಕ ಔಷಧವನ್ನು ತಪ್ಪದೆ ತೆಗೆದುಕೊಂಡರೆ ಅವರಲ್ಲಿ ನೂರಕ್ಕೆ 70ರ ತನಕ ಜನರು ಮೂರ್ಛೆಯಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಮಿದುಳಿನ ವಿದ್ಯುತ್ ವ್ಯಾಪಾರವು ಕ್ಷಣಕಾಲ ಏರುಪೇರಾಗುವುದೇ ಇದಕ್ಕೆ ಕಾರಣ. ಭೂತವೂ ಅಲ್ಲ, ಪಾಪವೂ ಅಲ್ಲ, ಅಂಟುರೋಗವೂ ಅಲ್ಲ. ಹುಡುಗಿಯೊಬ್ಬಳು ಹೀಗೆ ಬಿದ್ದರೆ, ಪೆಟ್ಟಾಗುವಂಥಾ ವಸ್ತುಗಳನ್ನು ದೂರಸರಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಅದುರುವುದು ನಿಂತೊಡನೆ ಒಂದು ಮಗ್ಗುಲಿಗೆ ಮಲಗಿಸಬೇಕು. ಬಲಾತ್ಕಾರವಾಗಿ ಹಿಡಿಯಬಾರದು. ಬಾಯಲ್ಲಿ ಚಮಚವನ್ನಾಗಲಿ ನೀರನ್ನಾಗಲಿ ಹಾಕಬಾರದು. ಕೈಯಲ್ಲಿ ಕಬ್ಬಿಣವನ್ನು ಹಿಡಿಸುವುದರಿಂದ ಯಾವ ಪ್ರಯೋಜನವೂ ಇಲ್ಲ. ಗಡಿಯಾರವನ್ನು ನೋಡುತ್ತಿರಬೇಕು, 5 ನಿಮಿಷಗಳಿಗೆ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅವಳಿಗೆ ಎಚ್ಚರವಾಗುವ ತನಕ ಯಾರಾದರೊಬ್ಬರು ಹತ್ತಿರದಲ್ಲಿ ಕುಳಿತಿರಬೇಕು.

ಹಿಂದಿರುಗುವ ದಿನ ಗೆಳತಿಯು ಬಸ್ಸಿನ ನಿಲ್ದಾಣದ ತನಕ ಬಂದಳು. "ಈ ಸಲ ಕಾರ್ಡು ಹಾಕಿದರೆ ಉತ್ತರ ಬರೆಯುತ್ತೀಯೋ?" ಎಂದು ಕೇಳಿದಳು. ಬರೆಯುತ್ತೇನೆಂದು ಮಾತುಕೊಟ್ಟೆವು. ಇದುವರೆಗೆ ಎರಡು ಬಂದಿವೆ, ಎರಡಕ್ಕೂ ಬರೆದಿದ್ದೇವೆ. ಮೊಮ್ಮಗಳ ಪುಸ್ತಕವನ್ನು ಅವಳಿಗೆ ಹಿಂದಕ್ಕೆ ಕೊಡಲಾಗಿದೆ. ಅದನ್ನು ಮರೆತುಹೋದದ್ದಕ್ಕಾಗಿ ಗದರಿಸಬೇಕೆಂದಿದ್ದವರು, ಮುಂದಣ ರಜೆಯಲ್ಲಿ ಇನ್ನೊಂದನ್ನು ಮರೆತುಹೋಗುವಂತೆ ಹೇಳಿ ಕಳುಹಿಸಿದ್ದೇವೆ.